ಅವಳು ನಿನಗೆ ಹೇಳ್ತಾಳಾ ಅಂತ ಕೇಳಿದ್ದೀಯಲ್ಲ

ಕುವೆಂಪುನಗರ, ಮೈಸೂರು

ಚಿ. ಸೌ. ಶೈಲಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಗೆ ಬಂತು. ವಾಟ್ಸಾಪ್‌ನಲ್ಲಿ ಬರೆದರೆ ಅನು ನೋಡಿಬಿಡುತ್ತಾಳೆ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ ಅಂತ ಮೊದಲ ಸಾಲಿನಲ್ಲೇ ಇದೆ. ಓದಿ ನಗು ಬಂತು. ಅವಳು ನಿನ್ನನ್ನು ಕಂಡ ಕೂಡಲೇ ಫೋನ್ ಮಗುಚಿ ಇಡುತ್ತಾಳೆ, ನೀನು ಅವಳಿಗೆ ಗೊತ್ತಾಗದ ಹಾಗೆ ನನಗೆ ಕಾಗದ ಬರೆಯುತ್ತೀಯ. ತಾಯಿ ಮಗಳು ಇಬ್ಬರೂ ಸರಿಯಾಗಿದ್ದೀರಿ.

ಕೊನೇ ಪುಟಕ್ಕೆ ಬಂದಾಗ ನಗು ಹೋಯಿತು. ಫೋನಿನಲ್ಲಿ ಯಾರದೋ ಕಾಟಕ್ಕೆ ಸಿಕ್ಕ ಅವಳ ಕ್ಲಾಸಿನ ಆ ಹುಡುಗಿಯ ವಿಷಯ ಬರೆದು, ಆಮೇಲೆ ಒಂದೇ ಸಾಲು: "ನಾಳೆ ನಮ್ಮ ಅನುಗೆ ಇಂಥದ್ದೇನಾದರೂ ಆದರೆ ಅವಳು ನನಗೆ ಹೇಳ್ತಾಳಾ ದೊಡ್ಡಮ್ಮ?" ಆ ಹುಡುಗಿಯ ಮನೆಯವರಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತಂತಲ್ಲ, ಅದೇ ನಿನ್ನನ್ನು ಕೊರೆಯುತ್ತಿದೆ. ಈಗ ನನ್ನನ್ನೂ ಕೊರೆಯುತ್ತಿದೆ. ಮಹೇಶನ ವರ್ಗಾವಣೆ, ನಿಮ್ಮಮ್ಮನ ಮಂಡಿ ನೋವು, ಅದಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ.

ಹೇಳುತ್ತಾಳೆ ಅಂತ ನಾನು ಹೇಗೆ ಹೇಳಲಿ? ನಾನೇ ಹೇಳಿರಲಿಲ್ಲ.

ಇದು ನಿನಗೂ ಗೊತ್ತಿಲ್ಲ, ನಿಮ್ಮಮ್ಮನಿಗೂ ಗೊತ್ತಿಲ್ಲ. ನಾನಾಗ ಒಂಬತ್ತನೇ ಕ್ಲಾಸು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಕಡೆ ನಮ್ಮ ಮನೆ. ಕಬ್ಬು ಅರೆಯುವ ಹಂಗಾಮು ಬಂತೆಂದರೆ ದಾರಿ ತುಂಬ ಎತ್ತಿನ ಗಾಡಿ. ಹುಡುಗರು ಹಿಂದಿನಿಂದ ಓಡಿಹೋಗಿ ಜಲ್ಲೆ ಎಳೆಯುವುದು, ಗಾಡಿಯವರು ಬಾರುಕೋಲು ಬೀಸುವುದು, ಅದೇ ಗಲಾಟೆ. ಆ ಗಲಾಟೆಯಲ್ಲಿ ಒಬ್ಬ ಸೈಕಲ್ಲಿನಲ್ಲಿ ನನ್ನ ಹಿಂದೆ ಬರಲು ಶುರು ಮಾಡಿದ. ಮೊದಲು ಬರೀ ನಗು. ಆಮೇಲೆ, ನೀನು ಚೆನ್ನಾಗಿ ಓದ್ತೀಯಂತೆ ಅಂದ. ನನ್ನ ಹೆಸರೂ ಅವನಿಗೆ ಗೊತ್ತಿತ್ತು. ಸುಳ್ಳು ಯಾಕೆ, ಹೊಗಳಿದ್ದು ಹಿತವಾಗಿಯೇ ಇತ್ತು. ಮನೆಯಲ್ಲಿ ಅಂಥ ಮಾತು ಯಾರು ಆಡುತ್ತಿದ್ದರು? ಒಂದು ದಿನ ಚೀಟಿ ಕೈಗೆ ತುರುಕಿ ಹೋದ. ಹೆದರಿ ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟೆ. ದಾರಿ ಬದಲಿಸಿದೆ. ಅಲ್ಲಿಗೂ ಬಂದು ಅಡ್ಡ ನಿಂತು ಕೇಳಿದ: "ಚೀಟಿ ಕೊಟ್ಟಿದ್ದು ನೀನೇ ಅಂತ ನಿಮ್ಮಪ್ಪನಿಗೆ ಹೇಳ್ಲಾ?"

ನನಗೆ ಅವನ ಭಯಕ್ಕಿಂತ ಅಪ್ಪನ ಭಯ ಜಾಸ್ತಿ ಆಯಿತು. ಅಪ್ಪ ಹೊಡೆಯುತ್ತಾರೆ ಅಂತಲ್ಲ, ಸ್ಕೂಲು ಬಿಡಿಸುತ್ತಾರೆ ಅಂತ. ನಮ್ಮ ಬೀದಿಯಲ್ಲೇ ಒಬ್ಬಳು ಇಂಥದ್ದನ್ನು ಮನೆಯಲ್ಲಿ ಹೇಳಿದ್ದಳು. ಕಾಟ ಕೊಟ್ಟವನು ಓಡಾಡಿಕೊಂಡೇ ಇದ್ದ. ಅವಳ ಓದು ನಿಂತಿತು, ಮುಂದಿನ ವೈಶಾಖದಲ್ಲಿ ಮದುವೆಯೂ ಆಯಿತು. ಅದನ್ನು ಕಣ್ಣಾರೆ ಕಂಡವಳು ಬಾಯಿ ಬಿಡುತ್ತೇನಾ? ಹಂಗಾಮು ಮುಗಿದ ಮೇಲೆ ಅವನು ಕಾಣಲಿಲ್ಲ. ಅಷ್ಟಕ್ಕೇ ಉಳಿದೆ. ಅವ್ವನಿಗೆ ಅನುಮಾನ ಬಂದಿತ್ತು ಅಂತ ಈಗ ಅನ್ನಿಸುತ್ತದೆ. ನಾನು ಊಟ ಸರಿಯಾಗಿ ಮಾಡುತ್ತಿರಲಿಲ್ಲ, ಯಾಕೆ ಮಗ ಅಂತ ಒಂದೆರಡು ಸಲ ಕೇಳಿದ್ದಳು. ಅವಳ ಕೊನೇ ದಿನಗಳಲ್ಲಿ ರಾತ್ರಿಯೆಲ್ಲ ನಾನೇ ಪಕ್ಕದಲ್ಲಿರುತ್ತಿದ್ದೆನಲ್ಲ. ಆಗಲಾದರೂ ಹೇಳಿಬಿಡಬಹುದಿತ್ತು. ಏನೇನೋ ಮಾತಾಡಿದೆವು, ಇದೊಂದು ಬಿಟ್ಟು.

ಈಗ ಫೋನಿನಲ್ಲಿ ನಡೆಯುವುದೂ ಹೆಚ್ಚೂ ಕಡಿಮೆ ಇದೇ. ಅವಳದೇ ವಯಸ್ಸಿನ ಹುಡುಗನದೋ ಹುಡುಗಿಯದೋ ಫೋಟೋ ಹಾಕಿಕೊಂಡು ಬರುತ್ತಾರೆ. ನಿನ್ನ ರೀಲ್ಸ್ ಸೂಪರ್ ಅನ್ನುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ. ಆಮೇಲೆ ನಮ್ಮಿಬ್ಬರಲ್ಲೇ ಇರಲಿ. ಆಮೇಲೆ ಒಂದು ಫೋಟೋ. ನೋಡಿದ ಮೇಲೆ ತಾನೇ ಅಳಿಸಿ ಹೋಗುತ್ತೆ ಅಂತ ನಂಬಿಸುತ್ತಾರೆ. ಅಳಿಸಿ ಹೋಗುವುದರೊಳಗೆ ಸ್ಕ್ರೀನ್‌ಶಾಟ್ ತೆಗೆಯಬಹುದು, ಇಲ್ಲವೇ ಇನ್ನೊಂದು ಫೋನ್ ಹಿಡಿದು ಫೋಟೋ ಹೊಡೆದುಕೊಳ್ಳಬಹುದು. ಅದು ಕೈಗೆ ಸಿಕ್ಕಿತೋ, "ನಿಮ್ಮಪ್ಪನಿಗೆ ಕಳಿಸ್ಲಾ?" ದುಡ್ಡು ಕೇಳುತ್ತಾರೆ, ಇಲ್ಲವೇ ಇನ್ನೂ ಫೋಟೋ ಕೇಳುತ್ತಾರೆ. ಕೊಟ್ಟರೆ ನಿಲ್ಲುವುದಿಲ್ಲ, ಕೊಡುತ್ತಾರೆ ಅಂತ ಗೊತ್ತಾಗಿ ಮತ್ತೆ ಬರುತ್ತಾರೆ. ಈಗಂತೂ ಮಗು ಏನೂ ಕಳಿಸದಿದ್ದರೂ ಆಗುತ್ತದೆ. ಹುಟ್ಟುಹಬ್ಬದ ಫೋಟೋದಿಂದ ಮುಖ ತೆಗೆದು ಬೇರೆ ಮೈಗೆ ಕೂರಿಸುವ ಎಐ ಎಲ್ಲರ ಕೈಯಲ್ಲೂ ಇದೆ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅನುವಿನ ಯೂನಿಫಾರಂ ಫೋಟೋ, ಸ್ಕೂಲಿನ ಹೆಸರು, ಡ್ಯಾನ್ಸ್ ಕ್ಲಾಸಿನ ಟೈಮು ಎಲ್ಲಾ ಬಿದ್ದಿದೆ, ಗಮನಿಸಿದ್ದೀಯಾ? ಹಾಕಿದ್ದು ಅವಳಲ್ಲ, ದೊಡ್ಡವರು.

ಅವರ ಬೆದರಿಕೆಗೆ ಬಲ ಬರುವುದು ನಮ್ಮಿಂದಲೇ ಶೈಲಾ. ಮನೆಯಲ್ಲಿ ಗೊತ್ತಾದರೆ ಫೋನ್ ಹೋಯಿತು, ಫ್ರೆಂಡ್ಸ್ ಹೋದರು, ಟ್ಯೂಷನ್‌ಗೂ ಒಬ್ಬಳನ್ನೇ ಬಿಡಲ್ಲ ಅಂತ ಮಗುವಿಗೆ ಖಾತ್ರಿಯಿದ್ದರೆ ಅದು ಹೊರಗಿನವನ ಮಾತನ್ನೇ ಕೇಳುತ್ತದೆ. ಮಹೇಶ ಅವಳ ಎದುರಿಗೇ "ಇನ್ನೊಂದ್ಸಲ ಕಂಡ್ರೆ ಫೋನ್ ಒಡೆದು ಹಾಕ್ತೀನಿ" ಅಂದನಂತೆ. ಅಪ್ಪನಾಗಿ ಅವನ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಮಾತನ್ನು ಅವನೇ ಹಿಂದಕ್ಕೆ ತೆಗೆದುಕೊಳ್ಳಲಿ. ಏನೇ ಆಗಲಿ, ತಪ್ಪು ನಿನ್ನದೇ ಇರಲಿ, ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ ಅಂತ ಬಾಯಿ ಬಿಟ್ಟು ಹೇಳಲಿ. ಒಂದು ಸಲ ಹೇಳಿದರೆ ಅವಳು ನಂಬಲ್ಲ. ಸಣ್ಣದೇನಾದರೂ ಹೇಳಿದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಅಂತ ಮೊದಲು ನೋಡುತ್ತಾಳೆ. ಯಾರೋ ಕೆಟ್ಟ ಕಮೆಂಟ್ ಹಾಕಿದರು ಅಂತಲೋ, ಯಾರೋ ಗೊತ್ತಿಲ್ಲದವರು ಹಾಯ್ ಅಂದರು ಅಂತಲೋ ಬಂದು ಹೇಳಿದ ದಿನ ನೀನು "ನಾನು ಮೊದಲೇ ಹೇಳಿದ್ದೆ" ಅಂದೆಯೋ, ದೊಡ್ಡ ಸುದ್ದಿ ನಿನ್ನ ಹತ್ತಿರ ಬರುವುದಿಲ್ಲ.

ಮಹೇಶ ಆಸ್ಟ್ರೇಲಿಯಾದ ಕಾನೂನಿನ ಮಾತೂ ಎತ್ತಿದನಂತಲ್ಲ. ಹೌದು, ಅಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಥರದ ಕಡೆ ಖಾತೆ ಇರುವಂತಿಲ್ಲ. ಆದರೆ ದಂಡ ಹಾಕುವುದು ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಅದನ್ನೂ ಅವನಿಗೆ ಹೇಳು.

ಇನ್ನು ಅವಳು ಮಲಗಿದ ಮೇಲೆ ಫೋನ್ ತೆಗೆದು ಓದಲಾ ಅಂತ ಕೇಳಿದ್ದೀಯ. ಇದಕ್ಕೆ ನನ್ನನ್ನು ಕೇಳಿದ್ದು ಸರಿಯಾಯಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಊರಿನ ಕರೆ ಜೋಡಿಸುವ ಟ್ರಂಕ್ ಬೋರ್ಡ್ ಮುಂದೆ ಕೂತು ಕೂದಲು ಬೆಳ್ಳಗಾದವಳು ನಾನು. ಹೆಡ್‌ಸೆಟ್ ಹಾಕಿ, ವೈರು ಸಿಕ್ಕಿಸಿ, ಕೀ ಒತ್ತಿದರೆ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತಿತ್ತು. ಲೈನ್ ಸಿಕ್ಕಿತಾ ಅಂತ ನೋಡುವಷ್ಟು ಕೇಳಬೇಕು, ಆಮೇಲೆ ಬಿಡಬೇಕು. ಟಿಕೆಟ್ ಅಂತ ಕರೆಯ ಲೆಕ್ಕದ ಚೀಟಿ, ಅದರಲ್ಲಿ ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತು, ಇಷ್ಟೇ ಬರೆಯುವುದು. ಆದರೂ ಕಿವಿಗೆ ಬಿದ್ದದ್ದು ಬೀಳುತ್ತದೆ. ಹಾಸ್ಟೆಲಿನ ಹುಡುಗಿಯರು ಊರಿಗೆ ಫೋನ್ ಮಾಡಿದಾಗ ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ದನಿಯೇ ಬೇರೆ. "ಹ್ಞೂಂ, ಚೆನ್ನಾಗಿದ್ದೀನಿ. ಹ್ಞೂಂ, ಊಟ ಆಯ್ತು." ಮೂರು ನಿಮಿಷವೂ ಅಷ್ಟೇ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಯಾರೂ ನಿಜ ಆಡಲ್ಲ. ನೀನು ಕದ್ದು ಓದುವುದು ಇವತ್ತಲ್ಲ ನಾಳೆ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಖಾತೆ ತೆರೆಯುತ್ತಾಳೆ, ಇಲ್ಲವೇ ಫ್ರೆಂಡ್ ಫೋನಿನಲ್ಲಿ ನೋಡುತ್ತಾಳೆ. ನಿನ್ನ ಕೈಗೆ ಸಿಗುವ ಫೋನಿನಲ್ಲಿ ಬರೀ "ಚೆನ್ನಾಗಿದ್ದೀನಿ" ಇರುತ್ತದೆ.

ನೋಡದೇ ಬಿಡು ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಗೊತ್ತಿದ್ದೇ ನೋಡು. ನನ್ನ ಮೊಮ್ಮಗ ಕಿಟ್ಟಿ ಕೂತು ತೋರಿಸಿದ. ಇನ್‌ಸ್ಟಾಗ್ರಾಂನಲ್ಲಿ ಈಗ ಮಕ್ಕಳಿಗೆ ಟೀನ್ ಅಕೌಂಟ್ ಅಂತ ಇದೆ. ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಲು ಆಗಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಟಣ್ ಟಣ್ ಅನ್ನಲ್ಲ. 16ರೊಳಗಿನವರು ಇದನ್ನು ಸಡಿಲ ಮಾಡಬೇಕಾದರೆ ದೊಡ್ಡವರ ಒಪ್ಪಿಗೆ ಬೇಕು. ನಿನ್ನ ಖಾತೆಯನ್ನು ಅವಳದಕ್ಕೆ ಜೋಡಿಸಿಕೊಂಡರೆ ಕಳೆದ 7 ದಿನದಲ್ಲಿ ಅವಳು ಯಾರ ಜೊತೆ ಚಾಟ್ ಮಾಡಿದಳು ಅಂತ ಕಾಣುತ್ತದೆ, ಏನು ಮಾತಾಡಿದಳು ಅಂತ ಕಾಣಲ್ಲ. ನನಗಂತೂ ನಮ್ಮ ಟ್ರಂಕ್ ಟಿಕೆಟ್ಟೇ ನೆನಪಾಯಿತು. ಒಂದು ತೊಡಕಿದೆ. ಇದೆಲ್ಲ ನಡೆಯುವುದು ಹುಟ್ಟಿದ ವರ್ಷ ಸರಿಯಾಗಿ ಕೊಟ್ಟಿದ್ದರೆ. ಅವಳು ಐದನೇ ಕ್ಲಾಸಿನಲ್ಲಿ ಹಟ ಮಾಡಿದಳು ಅಂತ ದೊಡ್ಡವರ ವರ್ಷ ಹಾಕಿ ತೆರೆದುಕೊಟ್ಟೆವು ಅಂತ ಆಗ ನೀನೇ ನಗುತ್ತಾ ಹೇಳಿದ್ದೆ. 13 ತುಂಬದವರಿಗೆ ಖಾತೆ ಇಲ್ಲ ಅಂತ ಕಂಪನಿಯ ನಿಯಮ. ಈಗ ಅವಳಿಗೆ 13 ಆಗಿದೆ, ಆದರೆ ಆ ಖಾತೆಯ ಲೆಕ್ಕದಲ್ಲಿ ಅವಳು ಕಾಲೇಜು ಮುಗಿಸಿದವಳು. ಇಬ್ಬರೂ ಕೂತು ಅದನ್ನು ಸರಿ ಮಾಡಿ. ರಾತ್ರಿ ಫೋನ್ ಹಾಲಿನಲ್ಲೇ ಚಾರ್ಜ್ ಆಗಲಿ. ಅವಳದೊಂದೇ ಅಲ್ಲ, ಮೂವರದ್ದೂ.

ಮತ್ತೆ ಅದೇ ಯೋಚನೆಗೆ ಬರುತ್ತಿದ್ದೇನೆ. ಒಂದು ವೇಳೆ ಹೇಳಿದಳು ಅಂತಿಟ್ಟುಕೋ. ಆಗ ನೀನು ಏನು ಮಾಡುತ್ತೀಯ? ಹೇಳಿಸಿಕೊಂಡವರಿಗೆ ಏನೂ ತೋಚದಿದ್ದರೆ ಅದೂ ಕಷ್ಟವೇ. ಮೊದಲು, ಗಾಬರಿಯಲ್ಲಿ ಮೆಸೇಜ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಆ ಖಾತೆಯ ಹೆಸರು ಬರೆದುಕೊಂಡು, ಆಮೇಲೆ ಬ್ಲಾಕ್ ಮಾಡಿ. ಆದರೆ ಅಸಭ್ಯ ಫೋಟೋ ಇದ್ದರೆ ಅದನ್ನು ತೋರಿಸಲು ಅಂತಲೂ ಯಾರಿಗೂ ಕಳಿಸಬೇಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಮಕ್ಕಳಿಗೆ ಯಾವ ತೊಂದರೆಯಿದ್ದರೂ 1098, ಹಗಲೂ ರಾತ್ರಿಯೂ ಎತ್ತುತ್ತಾರೆ, ಮಗುವೇ ಮಾಡಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಇಂಥ ಫೋಟೋ ವಿಷಯಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಂಡ್ಯದಲ್ಲೂ ಸಿಇಎನ್ ಠಾಣೆ, ಅಂದರೆ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ, ಇದೆ. ಪೊಲೀಸು ಅಂದರೆ ಮಾನ ಹೋಗುತ್ತೆ ಅಂತ ಮಹೇಶ ಹಿಂಜರಿಯಬಹುದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು, ಯೂನಿಫಾರಂನಲ್ಲಿ ಬರಬಾರದು ಅಂತಿದೆ. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ.

ಫೋಟೋ ಹರಡುತ್ತದೆ ಅನ್ನುವ ಭಯಕ್ಕೆ 'ಟೇಕ್ ಇಟ್ ಡೌನ್' ಅಂತ ಒಂದು ಸೇವೆ ಇದೆ, ಅಮೆರಿಕದ ಸಂಸ್ಥೆಯದು, ದುಡ್ಡು ಬೇಡ. ಫೋಟೋ ನಮ್ಮ ಫೋನ್ ಬಿಟ್ಟು ಹೋಗುವುದೇ ಇಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನವರು ಅದನ್ನು ಹಿಡಿದು ಹುಡುಕಿ ತೆಗೆಯುತ್ತಾರೆ. ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋದದ್ದಕ್ಕೆ ಇದು ನಡೆಯಲ್ಲ.

ಇಷ್ಟೆಲ್ಲ ಅವಳಿಗೆ ಪಾಠದ ಥರ ಒಪ್ಪಿಸಬೇಡ, ಓಡಿಹೋಗುತ್ತಾಳೆ. ಬಸ್ಸಿನಲ್ಲಿ ಹೋಗುವಾಗಲೋ, ಸೊಪ್ಪು ಬಿಡಿಸುವಾಗಲೋ ಒಂದೊಂದೇ ಹೇಳು. ಕ್ಲಾಸಿನ ಗುಂಪಿನಲ್ಲಿ ಆ ಹುಡುಗಿಯ ಮುಖದ ಸ್ಟಿಕ್ಕರ್ ಮಾಡಿ ಹಾಕಿದ್ದಾರಂತಲ್ಲ, ಅನು ಅದನ್ನು ಫಾರ್ವರ್ಡ್ ಮಾಡಿದಳಾ ಅಂತ ಮಾತ್ರ ನೇರವಾಗಿ ಕೇಳು. ಮಾಡಿದ್ದರೆ ಬೈಯಬೇಡ, ಅಳಿಸಿ ಆ ಹುಡುಗಿಗೆ ಒಂದು ಮಾತು ಹೇಳಲಿ. ಮಕ್ಕಳ ಅಸಭ್ಯ ಫೋಟೋ ಹಂಚಿದರೆ, ಹಂಚಿದವರು ಮಕ್ಕಳೇ ಆದರೂ ಅದು ಅಪರಾಧ ಅನ್ನುವುದೂ ಅವಳಿಗೆ ಗೊತ್ತಿರಲಿ. ಈ ಕಾಗದವನ್ನು ನೀನು ಬಚ್ಚಿಡಬೇಕಾಗಿಲ್ಲ. ಓದಿದರೆ ಓದಲಿ, ಸೈಕಲ್ಲಿನವನ ಕತೆಯನ್ನೂ.

ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಕೊಟ್ಟಿಲ್ಲ, ಗೊತ್ತು. ನಿನಗೇ ಹೇಳಬೇಕು ಅಂತ ಹಟ ಹಿಡಿಯಬೇಡ ಶೈಲಾ. ಅಮ್ಮನಿಗೆ ಹೇಳಲಾಗದ್ದು ಇನ್ಯಾರಿಗೋ ಹೇಳಲು ಆಗುತ್ತದೆ. ನನಗೆ ಆಗ ಅಂಥವರು ಒಬ್ಬರೂ ಇರಲಿಲ್ಲ. ಅವಳಿಗೆ ಯಾರ ಹತ್ತಿರ ಸಲುಗೆ ಇದೆ ಅಂತ ಅವಳನ್ನೇ ಕೇಳು. ಅವಳ ಕನ್ನಡ ಮೇಡಂ ಆಗಬಹುದು, ನಿನ್ನ ನಾದಿನಿ ಆಗಬಹುದು, ನಾನೂ ಆಗಬಹುದು. ನನಗೆ ನಿದ್ದೆ ಕಮ್ಮಿ, ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತುತ್ತೇನೆ. ನನಗೆ ಹೇಳಿದ್ದನ್ನು ನಿನ್ನ ಕಿವಿಗೆ ಹಾಕಲೇಬೇಕಾಗಿ ಬಂದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಾಕುತ್ತೇನೆ, ಹಿಂದಿನಿಂದ ಅಲ್ಲ. ಇದನ್ನು ಅವಳಿಗೆ ಈಗಲೇ ತಿಳಿಸು.

ದಸರಾ ರಜಕ್ಕೆ ಅವಳನ್ನು ಇಲ್ಲಿಗೆ ಕಳಿಸು. ಲೈಟಿಂಗ್ ನೋಡಿಕೊಂಡು ಬರೋಣ. ನಾನಾಗಿ ಏನೂ ಕೇಳುವುದಿಲ್ಲ. ದಿನಾ ಯಾರೋ ನನಗೆ ಲಾಟರಿ ಹೊಡೆದಿದೆ ಅಂತ ಮೆಸೇಜ್ ಕಳಿಸುತ್ತಾರೆ, ಬ್ಲಾಕ್ ಮಾಡಿದರೂ ಬೇರೆ ನಂಬರಿನಿಂದ ಬರುತ್ತದೆ. ಅದಕ್ಕೇನು ಮಾಡಬೇಕು ಅಂತ ಅವಳೇ ಬಂದು ಹೇಳಿಕೊಡಲಿ.

ಇತಿ,
ನಿನ್ನ ದೊಡ್ಡಮ್ಮ