ಅನುಸ್ವಾರದ ಜಾಗಕ್ಕೆ ಅಂಕಿಯ ಸೊನ್ನೆ ಬೇಡ

ಮಾನ್ಯರೇ,

ಅರ್ಜಿ, ಪಹಣಿ ತಿದ್ದುಪಡಿ, ವಂಶವೃಕ್ಷ, ಬಾಂಡ್ ಎಂದು ದಿನವಿಡೀ ಕನ್ನಡ ಟೈಪ್ ಮಾಡುವವನು ನಾನು. ಹಾಳೆಯ ಮೇಲೆ ಸರಿಯಾಗಿ ಕಾಣುವ ಅಕ್ಷರ ಕಂಪ್ಯೂಟರ್‌ನೊಳಗೆ ಬೇರೆಯೇ ಆಗಿದ್ದರೆ ಜನ ಎಷ್ಟು ಅಲೆಯಬೇಕಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇತ್ತೀಚೆಗೆ ರೈತರೊಬ್ಬರ ಹೆಸರು ಒಂದು ಕಚೇರಿಯ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದೇ ಪಟ್ಟಿಯ ಮುದ್ರಿತ ಪ್ರತಿಯಲ್ಲಿ ‘ಸಂಗಪ್ಪ’ ಎಂದು ಎದ್ದು ಕಾಣುತ್ತಿತ್ತು. ನಮೂದು ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿ ‘ಸ೦ಗಪ್ಪ’ ಮಾಡಿದ್ದರು. ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಕಂಪ್ಯೂಟರ್ ಆಕಾರ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 3202, ಕನ್ನಡ ಸೊನ್ನೆಯದು 3302. ಹೀಗಾಗಿ ಒಂದನ್ನು ಕೊಟ್ಟು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಗಂಗಮ್ಮ, ನಿಂಗಪ್ಪ, ಶಂಕ್ರಪ್ಪ, ಲಿಂಗರಾಜ... ನಮ್ಮ ಕಡೆ ಅನುಸ್ವಾರವಿಲ್ಲದ ಮನೆಯೇ ಅಪರೂಪ. ತಪ್ಪು ಯಾರದೋ ಬೆರಳಿನದು, ತಿದ್ದುಪಡಿ ಅರ್ಜಿ ಹಿಡಿದು ಓಡಾಡುವವರು ಮಾತ್ರ ಹೊಲದ ಕೆಲಸ ಬಿಟ್ಟು ಬಂದವರು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಎಂ ಒತ್ತಿದರೆ ಅನುಸ್ವಾರ ಬರುತ್ತದೆ. ಇದಕ್ಕೆ ಹೆಚ್ಚಿನ ಶ್ರಮವೇನೂ ಬೇಕಿಲ್ಲ.

ವಿಸರ್ಗದ ಪಾಡೂ ಇದೇ. ‘ದುಃಖ’, ‘ಅಂತಃಕರಣ’ ಬರೆಯುವಾಗ ಇಂಗ್ಲಿಷ್ ಕೋಲನ್ (:) ಹಾಕುವುದು ಆಮಂತ್ರಣ ಪತ್ರಿಕೆಗಳಿಂದ ಹಿಡಿದು ದಿನಪತ್ರಿಕೆಗಳವರೆಗೆ ರೂಢಿಯಾಗಿದೆ. ಕೋಲನ್ ವಿರಾಮ ಚಿಹ್ನೆಯಾದ್ದರಿಂದ ತಂತ್ರಾಂಶ ಆ ಪದವನ್ನು ಅಲ್ಲಿಯೇ ಎರಡು ತುಂಡು ಮಾಡಿಬಿಡಬಹುದು. ದೃಷ್ಟಿ ಇಲ್ಲದವರು ಪತ್ರಿಕೆಯನ್ನು ಮೊಬೈಲ್‌ನಲ್ಲಿ ಓದಿಸಿಕೊಂಡು ಕೇಳುತ್ತಾರೆ. ಅವರ ಕಿವಿಗೆ ಆ ಪದ ಹೇಗೆ ಬಿದ್ದೀತು ಎಂದು ದಯವಿಟ್ಟು ಯೋಚಿಸಿ. ನುಡಿಯಲ್ಲಿ ಶಿಫ್ಟ್ ಜೊತೆ ಎಚ್ ಒತ್ತಿದರೆ ನಿಜವಾದ ವಿಸರ್ಗವೇ ಮೂಡುತ್ತದೆ.

ಇನ್ನು ಬೇಸಿಗೆಯ ಮಾತು. ರಾಯಚೂರು, ಬಳ್ಳಾರಿಯ ಬಿಸಿಲಿನ ಸುದ್ದಿಯಲ್ಲಿ ಡಿಗ್ರಿ ಚಿಹ್ನೆಗೆ ಬದಲು ಸೊನ್ನೆಯನ್ನೇ ಚಿಕ್ಕದು ಮಾಡಿ ಮೇಲಕ್ಕೇರಿಸುತ್ತಾರೆ. ಅದನ್ನು ವಾಟ್ಸ್‌ಆ್ಯಪ್‌ಗೆ ನಕಲು ಮಾಡಿದರೆ ಸೊನ್ನೆ ಕೆಳಗಿಳಿದು 42 ಡಿಗ್ರಿ 420 ಆಗುತ್ತದೆ. ಎರಡೂವರೆ ಎಕರೆಯ ‘ಅರ್ಧ’ವನ್ನು ಅಂಕಿ, ಗೆರೆ, ಅಂಕಿ ಎಂದು ಒತ್ತೊತ್ತಾಗಿ ಬರೆದಾಗಲೂ ಹೀಗೆಯೇ: 21/2. ಜಮೀನಿನ ಕಾಗದದಲ್ಲಿ ಇದು ಚಿಕ್ಕ ತಪ್ಪಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಬದಿಯ ಅಂಕಿ ಕೀಲಿಗಳಲ್ಲಿ 0176 ಒತ್ತಿದರೆ °, 0189 ಒತ್ತಿದರೆ ½ ಬರುತ್ತವೆ. ಮೊಬೈಲ್‌ನಲ್ಲಂತೂ ° ಚಿಹ್ನೆಗಳ ಪುಟದಲ್ಲೇ ಇದೆ.

ರೂಪಾಯಿ ಚಿಹ್ನೆಯಿಂದಲಾದರೂ ನಾವು ಪಾಠ ಕಲಿಯಬೇಕಿತ್ತು. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ₹ ಅನ್ನು ಒಪ್ಪಿದ ಕೂಡಲೇ ಬಂದ ಕೆಲವು ಫಾಂಟ್‌ಗಳು ಬೇರೊಂದು ಗುರುತಿನ ಕೀಲಿಯ ಮೇಲೆ ಅದರ ಚಿತ್ರವನ್ನಷ್ಟೇ ಕೂರಿಸಿದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಡತ ತೆರೆದರೆ ಮೊತ್ತದ ಮುಂದೆ ಒಂದು ಓರೆಗೀಟು ಮಾತ್ರ ಉಳಿಯುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಅದಕ್ಕೆ 8377 ಎಂಬ ಸ್ವಂತ ಸಂಖ್ಯೆ ಕೊಟ್ಟಿತು. ನಮ್ಮ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಗೂ ಸ್ಥಾನ ಸಿಕ್ಕಿದ್ದು ಅದೇ ಆವೃತ್ತಿಯಲ್ಲಿ ಎಂಬುದು ಕೊಪ್ಪಳದವನಾದ ನನಗೆ ಹೆಮ್ಮೆ. ಎರಡು ಸಾವಿರ ವರ್ಷ ದಾಟಿದ ಬಂಡೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವಾಗ, ದಿನಬಳಕೆಯ ಅನುಸ್ವಾರಕ್ಕೆ ಅಂಕಿಯನ್ನು ಎರವಲು ತರುವ ಗತಿ ನಮಗೇಕೆ?

ಕಚೇರಿಗಳಲ್ಲಿ ಹೆಸರು ನಮೂದಿಸುವ ತಂತ್ರಾಂಶಗಳು ಅಕ್ಷರಗಳ ನಡುವೆ ಅಂಕಿ ಬಂದರೆ ಸ್ವೀಕರಿಸದಂತೆ ಮಾಡಬೇಕು. ಹಳೆಯ ಪಟ್ಟಿಗಳಲ್ಲಿ ಹೀಗೆ ಸೇರಿರುವ ಸೊನ್ನೆಗಳನ್ನು ಹುಡುಕಿ ಸರಿಪಡಿಸಬೇಕು, ಅದಕ್ಕಾಗಿ ಜನರಿಂದ ಮತ್ತೆ ಅರ್ಜಿ ಕೇಳಬಾರದು. ತಮ್ಮ ಪತ್ರಿಕೆಯ ಪುಟಗಳಲ್ಲೂ ಕೋಲನ್ ಬದಲು ವಿಸರ್ಗವೇ ಬರುವಂತೆ ನೋಡಿಕೊಳ್ಳಬೇಕೆಂದು ವಿನಂತಿ.

ಇಂತಿ,
ಟೈಪಿಂಗ್ ವೃತ್ತಿಯ ಓದುಗ, ಕೊಪ್ಪಳ