ಶನಿವಾರದ ತಾಳದ ಆಟಕ್ಕೆ ರಾಗಿ ಬಾಟಲಿ ಕಳಿಸಿ

ಪೋಷಕರೇ, ನಮಸ್ಕಾರ. ಈ ಶನಿವಾರ ಬೆಳಿಗ್ಗೆ 10ಕ್ಕೆ 2 ಮತ್ತು 3ನೇ ತರಗತಿ ಮಕ್ಕಳಿಗೆ ಶಾಲೆಯ ಅಂಗಳದಲ್ಲಿ ತಾಳದ ಆಟ ಇದೆ.

ಸಣ್ಣ ಬಾಟಲಿಗೆ ಒಂದು ಹಿಡಿ ರಾಗಿ ಹಾಕಿ, ಮುಚ್ಚಳ ಬಿಗಿ ಮಾಡಿ ಕಳಿಸಿ. ಜಾಸ್ತಿ ತುಂಬಬೇಡಿ, ಕಾಳು ಓಡಾಡದಿದ್ದರೆ ಸದ್ದೇ ಬರುವುದಿಲ್ಲ. ಸುಮ್ನೆ ದುಡ್ಡು ಕೊಟ್ಟು ವಾದ್ಯ ತರಬೇಡಿ.

ಒಂದು ಗುಂಪು ‘ತಕಿಟ’, ಇನ್ನೊಂದು ‘ತಕಧಿಮಿ’ ಹೇಳುತ್ತಾ ಮೊದಲಕ್ಷರಕ್ಕೆ ಬಾಟಲಿ ಕುಲುಕುತ್ತದೆ. 12 ಅಕ್ಷರ ಮುಗಿದಾಗ ಎರಡೂ ಗುಂಪಿನ ‘ತ’ ಒಟ್ಟಿಗೆ ಬೀಳುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ಮನೆಯಲ್ಲಿ ಚಪ್ಪಾಳೆ ತಟ್ಟಿ ನಿಧಾನವಾಗಿ ಹೇಳಿಸಿ, ವೇಗ ಬೇಡ.

ಕೊನೆಗೆ ತಮಟೆ ಪರಿಚಯ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕೆ 2023ರಲ್ಲಿ ಪದ್ಮಶ್ರೀ ಬಂದಿದೆ, ಮಕ್ಕಳಿಗೆ ಇದು ಗೊತ್ತಿರಲೇಬೇಕು ಅಲ್ವಾ?

ಮನೆಯಲ್ಲಿ ತಮಟೆ ಇರುವವರು, ಜೋರು ಸದ್ದಿಗೆ ಹೆದರುವ ಮಕ್ಕಳಿದ್ದವರು ಗುರುವಾರದೊಳಗೆ ಇಲ್ಲೇ ತಿಳಿಸಿ.