ಅರ್ಧಕ್ಕೆ ನಿಂತ ಕರುವಿನ ಕಥೆ

ಬದಿಯಡ್ಕ

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ತೋಟಕ್ಕೆ ಮದ್ದು ಬಿಡುವ ಕೆಲಸ ಮೊನ್ನೆ ಮುಗಿಯಿತು. ನೀವು ಬಂದು ಹೋದಂದಿನಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ.

ಆ ಸಂಜೆ ಜಗಲಿಯಲ್ಲಿ ಹಲಸಿನ ಸೊಳೆ ಬಿಡಿಸುತ್ತಿದ್ದೆವಲ್ಲ? ನಿನ್ನ ಹೆಂಡತಿ ಅಜ್ಜನಮನೆಯ ಕರು ಮಳೆಯಲ್ಲಿ ಕಾಣೆಯಾದ ಕಥೆ ಹೇಳುತ್ತಿದ್ದಳು. ನೀನು ಮೊಬೈಲ್ ನೋಡುತ್ತಲೇ ಎರಡು ಬಾರಿ ‘ಹೂಂ’ ಎಂದೆ. ಮೂರನೆಯ ಬಾರಿ ಅದೂ ಇಲ್ಲ. ಅವಳು ಮಾತು ನಿಲ್ಲಿಸಿ, ಎಣ್ಣೆ ಹಚ್ಚಿ ಬೆರಳಿನ ಮೇಣವನ್ನು ಉಜ್ಜಿ ಉಜ್ಜಿ ತೆಗೆದು, ಒಳಗೆ ಹೋದಳು. ಮಾತು ನಿಂತದ್ದೇ ನಿನಗೆ ತಿಳಿಯಲಿಲ್ಲ. ನನಗೆ ನೋವಾದದ್ದು ಅದಕ್ಕೇ.

ಎದುರಿಗಿರುವವರನ್ನು ಬಿಟ್ಟು ಹೀಗೆ ಫೋನಿನಲ್ಲಿ ಮುಳುಗುವುದಕ್ಕೆ 2012ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಫಬ್ಬಿಂಗ್’ ಎಂಬ ಪದವನ್ನೇ ಹುಟ್ಟಿಸಿದರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯ ಈ ಅಭ್ಯಾಸದಿಂದ ಫೋನಿನ ವಿಷಯಕ್ಕೆ ಜಗಳ ಹೆಚ್ಚುತ್ತದೆ, ಸಂಬಂಧದಲ್ಲಿ ತೃಪ್ತಿ ಕುಗ್ಗುತ್ತದೆ ಎಂದು ಕಂಡುಕೊಂಡರು. ಅವಳು ಜಗಳವನ್ನೂ ಆಡಲಿಲ್ಲ, ಮಗೂ. ಸುಮ್ಮನಾದಳು. ಆ ಸುಮ್ಮನಿರುವಿಕೆ ಅಭ್ಯಾಸವಾದೀತೆಂದೇ ನನಗೆ ಭಯ.

ಮೊಬೈಲನ್ನು ನಾನು ದೂರುವುದಿಲ್ಲ. ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ ಇರುವ ಮನೆಗಳು ನಮ್ಮ ಕಾಸರಗೋಡಿನಲ್ಲಿ ಎಷ್ಟಿಲ್ಲ! ಹಿಂದೆ ಅವರು ಒಂದು ಕಾಗದಕ್ಕೆ ವಾರಗಟ್ಟಲೆ ಕಾಯುತ್ತಿದ್ದರು. ಈಗ ಆಚೆಮನೆಯಾಕೆ ಒಲೆಯ ಪಕ್ಕದಲ್ಲಿ ಫೋನ್ ನಿಲ್ಲಿಸಿ, ಗಂಡನೊಂದಿಗೆ ಮಾತನಾಡುತ್ತಲೇ ದೋಸೆ ಹೊಯ್ಯುತ್ತಾಳೆ. ಅವರಿಬ್ಬರ ನಡುವೆ ಸಮುದ್ರವಿದೆ. ನಿಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಸಿನ ಹಣ್ಣು.

ನಾನೂ ನಿನ್ನ ಅತ್ತೆಯೂ ಒಬ್ಬರನ್ನೊಬ್ಬರು ತಿಳಿದುಕೊಂಡದ್ದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಕೈಗೆ ಕೆಲಸವಿತ್ತು, ಕಿವಿ ಬಿಡುವಾಗಿತ್ತು. ಸಾಲದ ಚಿಂತೆ, ತವರಿನ ನೆನಪು, ನನ್ನ ಮೇಲಿನ ಅವಳ ಬೇಸರ, ಎಲ್ಲವೂ ಸಿಪ್ಪೆಯ ರಾಶಿಯ ಮುಂದೆಯೇ ಹೊರಬಂದವು.

ಊಟಕ್ಕೆ ಕುಳಿತಾಗ ಮತ್ತು ಮಲಗುವ ಮುಂಚಿನ ಒಂದು ಗಂಟೆ ಇಬ್ಬರ ಮೊಬೈಲೂ ಬೇರೆ ಕೋಣೆಯಲ್ಲಿರಲಿ. ಕಚೇರಿಯ ಕರೆ ಬಂದರೆ ಅವಳಿಗೆ ಹೇಳಿ ಎದ್ದು ಹೋಗು, ಮುಗಿಸಿ ಬಾ. ಎದುರಿಗೆ ಕುಳಿತು ‘ಹೂಂ’ ಎನ್ನುತ್ತಿರಬೇಡ.

ಆ ಕರು ಕೊನೆಗೆ ಸಿಕ್ಕಿತೇ ಎಂದು ನಿನ್ನ ಅತ್ತೆ ಎರಡು ಸಲ ಕೇಳಿದಳು. ಇವತ್ತು ರಾತ್ರಿ ನಿನ್ನ ಹೆಂಡತಿಯನ್ನು ಕೇಳಿ, ನಮಗೆ ಬರೆ.

ಇತಿ,
ನಿನ್ನ ಮಾವ